ಫ್ಯೂಸ್ ಕಿತ್ತ ಮಧ್ಯಾಹ್ನ

ಓನರ್ ಮಾಮನ ಹೆಸರೆತ್ತಿದರೆ ನನಗೆ ಇವತ್ತಿಗೂ ಕಿವಿಯಲ್ಲಿ ಹೊಗೆ ಬರುತ್ತದೆ. ಆ ಹೊಗೆಯಲ್ಲಿ ಒಂದು ಕ್ವಿಂಟಾಲ್ ಕಾಳುಮೆಣಸು ಒಣಗಿಸಬಹುದು.

ನಾವು ಗಡಿಯಾಚೆಯ ಮಲಯಾಳಿ ಊರು ಕೇಣಿಚಿರದಲ್ಲಿ ಅವರ ಬಾಡಿಗೆಮನೆ ಸೇರಿ ಕೆಲವೇ ತಿಂಗಳಾಗಿತ್ತು. ಅಮ್ಮ ದೋಸೆಹಿಟ್ಟು ರುಬ್ಬಿ ಮಾರುತ್ತಾಳೆ. ಅವತ್ತು ಜಂಕ್ಷನ್ನಿನ ಹೋಟೆಲಿನವರು ಮೊದಲ ಸಲ ಹಿಟ್ಟು ಹೇಳಿದ್ದರು, ಮರುದಿನ ಬೆಳಿಗ್ಗೆಗೆ. ಕೊಟ್ಟರೆ ದಿನಾ ತಗೊಳ್ಳುತ್ತಾರೆ, ತಪ್ಪಿದರೆ ಬೇರೆಯವರಿದ್ದಾರೆ. ನಮ್ಮೂರಿನ ರಾತ್ರಿ ಚಳಿಗೆ ಹಿಟ್ಟು ಉಬ್ಬಬೇಕಾದರೆ ಮಧ್ಯಾಹ್ನವೇ ರುಬ್ಬಿಡಬೇಕು.

ಅಕ್ಕಿ ಗ್ರೈಂಡರಿಗೆ ಬಿತ್ತು, ಕಲ್ಲು ಎರಡು ಸುತ್ತು ತಿರುಗಿತು, ನಿಂತಿತು. ಹೊರಗೆ ನೋಡಿದರೆ ಲೈನ್‌ಮ್ಯಾನ್ ನಮ್ಮ ಫ್ಯೂಸನ್ನು ಕಡಲೆಬೀಜದ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದಾನೆ.

"ಕುಡಿಶ್ಶಿಗ ಉಂಡ್ ಚೇಚೀ," ಅಂದ. ಹಳೇ ಬಾಕಿ ಇದೆಯಂತೆ.

"ನಮ್ಮ ಬಿಲ್ ಕಟ್ಟಿ ಆಗಿದೆ ಚೇಟ್ಟಾ!" ಅಂದಳು ಅಮ್ಮ.

ಬಾಕಿ ನಮಗಿಂತ ಮುಂಚೆ ಆ ಮನೆಯಲ್ಲಿದ್ದ ಶುಂಠಿ ವ್ಯಾಪಾರಿಯದ್ದು. ಅದನ್ನು ತೀರಿಸಿದ್ದೇನೆ ಅಂತ ಓನರ್ ಮಾಮ ನಮಗೆ ಹೇಳಿದ್ದರು. ಅಮ್ಮ ಪಕ್ಕದಲ್ಲೇ ಇದ್ದ ಅವರ ಮನೆಗೆ ನುಗ್ಗಿದಳು. ನಾನು ಹಿಂದೆ. ಮಾಮ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟಿದ್ದರು. ಆ ಎಣ್ಣೆಯಲ್ಲಿ ಒಂದು ಮದುವೆಗೆ ಹಪ್ಪಳ ಕರಿಯಬಹುದಿತ್ತು.

"ನೋಡು ತಂಗೀ, ಕರೆಂಟ್ ಬಳಸೋರು ಕಟ್ಬೇಕು. ಈಗ ಬಳಸ್ತಿರೋರು ಯಾರು? ನೀವು."

"ಬಳಸಿದ್ದು ಶುಂಠಿಯೋನು ಅಣ್ಣಾ! ಮನೆ ನಿಮ್ದು, ಮೀಟರ್ ನಿಮ್ಮ ಹೆಸರಲ್ಲಿದೆ!"

"ಹಂಗಾರೆ ಅವನನ್ನೇ ಹುಡ್ಕಿ ಕೇಳು. ಅಷ್ಟು ಅರ್ಜೆಂಟಿದ್ರೆ ನೀನೇ ಕಟ್ಟು. ಫ್ಯಾನ್ ಕಮ್ಮಿ ಹಾಕಿ ಅಂತ ನಾನು ಎಷ್ಟು ಸಲ ಹೇಳಿಲ್ಲ?"

ಅಷ್ಟು ಹೇಳಿ ಬಚ್ಚಲಿಗೆ ಹೋದರು.

ಅಮ್ಮ ಬಂದು ಅಕ್ಕಿಯ ಮುಂದೆ ಕೂತಳು. ಕಣ್ಣು ಕೆಂಪಗಿತ್ತು. ನನಗೆ ಆ ಮನೆಯ ಹೆಂಚುಗಳನ್ನು ಒಂದೊಂದಾಗಿ ಕಡಿದು ತಿನ್ನುವಷ್ಟು ಸಿಟ್ಟು.

ಸ್ವಲ್ಪ ಹೊತ್ತಿಗೆ ಮಾಮನ ಬಚ್ಚಲಿಂದ ಆನೆ ಘೀಳಿಟ್ಟ ಹಾಗೆ ಕೂಗು. ಟ್ಯಾಂಕ್ ಖಾಲಿ. ಟವೆಲ್ ಸುತ್ತಿಕೊಂಡು, ತಲೆಯಿಂದ ಗಡ್ಡದವರೆಗೆ ನೊರೆಯಾಗಿ, ನಮ್ಮ ಹಿತ್ತಿಲಿಗೆ ಓಡಿ ಬಂದರು. ಬಾವಿ ಮೋಟರಿನ ಸ್ವಿಚ್ ಇದ್ದದ್ದು ನಮ್ಮ ಹಿಂಬಾಗಿಲ ಗೋಡೆಯಲ್ಲಿ. ಒತ್ತಿದರು. ಮತ್ತೆ ಒತ್ತಿದರು.

ಅಮ್ಮ ನಿಧಾನ ಎದ್ದು ಬಂದಳು.

"ಅಣ್ಣಾ, ಫ್ಯೂಸ್ ಕಿತ್ತಿದ್ದು ನಮ್ಮನೇದು. ನಿಮ್ಮನೇಲಿ ಟಿವಿ ಓಡ್ತಾನೇ ಇದೆ. ಮೋಟರ್ ಯಾಕೆ ಓಡ್ತಿಲ್ಲ?"

ನೊರೆಯೊಳಗೆ ಮುಖ ಬೆಳ್ಳಗಾದದ್ದು ಗೊತ್ತಾಗುವುದು ಕಷ್ಟ. ಆದರೂ ಗೊತ್ತಾಯಿತು. ಅವರ ಮನೆಗೆ, ಅವರ ಕಾಫಿ ಗಿಡಗಳಿಗೆ ಇಷ್ಟು ದಿನ ನೀರೆತ್ತಿದ್ದು ನಮ್ಮ ಮೀಟರು! ನಾವು ಫ್ಯಾನ್ ಆರಿಸಿ ಬೆವರಿದ್ದು ಆ ಗಿಡಗಳು ತಣ್ಣಗಿರಲಿ ಅಂತ!

"ಬಳಸೋರು ಕಟ್ಬೇಕು ಅಂದ್ರಲ್ಲ," ಅಂದಳು ಅಮ್ಮ.

ಮಾಮ ಜಾರುವ ಬೆರಳಲ್ಲೇ ಫೋನಿನಿಂದ ಬಾಕಿ ಕಟ್ಟಿದರು. ಲೈನ್‌ಮ್ಯಾನ್ ವಾಪಸ್ ಬಂದು ಫ್ಯೂಸ್ ಹಾಕಿದ, ಮಾಮನನ್ನು ನೋಡಿ ಕೆಮ್ಮಿದ. ಗ್ರೈಂಡರ್ ತಿರುಗಿತು. ಮಾಮ ಸ್ವಿಚ್ಚಿಗೆ ಕೈ ಚಾಚಿದರೆ ಅಮ್ಮ ಅಡ್ಡ ನಿಂತಳು.

"ಮೊದ್ಲು ವಯರ್‌ಮ್ಯಾನ್ ಬರ್ಲಿ. ಮೋಟರ್ ನಿಮ್ಮ ಮೀಟರಿಗೆ ಹೋಗ್ಲಿ."

ಅವನು ಬರುವವರೆಗೆ ಮಾಮ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಸೋಪು ಒಣಗಿ, ಸುಣ್ಣ ಬಳಿದ ಗೋಡೆಯ ಹಾಗೆ ಬಿರುಕು ಬಿಟ್ಟಿತ್ತು.

"ಮಾಮಾ, ಕುಡಿಯೋಕೆ ನೀರು ಬೇಕಾ?" ಅಂದೆ.

ದೊಡ್ಡವರಿಗೆ ಎದುರು ಮಾತಾಡಿದರೆ ಅಮ್ಮ ಸೌಟು ಎತ್ತುತ್ತಾಳೆ. ಅವತ್ತು ಗ್ರೈಂಡರಿನಿಂದ ತಲೆಯನ್ನೂ ಎತ್ತಲಿಲ್ಲ.