ಟೊಪ್ಪಿ ಹೆಂಗಸಿನ ಮುಖಕ್ಕೆ ಪೇಪರ್

ಮೊನ್ನೆ ಓಟು ಹಾಕಲು ಜಯಪುರದ ನಮ್ಮ ಹಳೇ ಶಾಲೆಗೆ ಹೋದಾಗ ಬಾಗಿಲಲ್ಲೇ ಮೈದಾ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಅಜ್ಜಿ ನೆನಪಾದಳು.

ನಾನು ಅಲ್ಲಿ ಓದುತ್ತಿದ್ದಾಗ, ಚುನಾವಣೆ ಬಂದರೆ ಮತಗಟ್ಟೆಯಾಗುತ್ತಿದ್ದ ನಮ್ಮ ತರಗತಿಯ ಕೋಣೆಯಲ್ಲಿ ಟೊಪ್ಪಿ ಹಾಕಿದ ವಿದೇಶಿ ಹೆಂಗಸೊಬ್ಬಳ ಪಟವಿತ್ತು. ಹೆಂಗಸರಿಗೂ ಓಟು ಬೇಕೆಂದು ಹೋರಾಡಿ ಜೈಲಿಗೆ ಹೋದವಳು ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಮನೆಯಲ್ಲಿ ಅಜ್ಜಿಗೆ ಒಪ್ಪಿಸಿದ್ದೆ. ಆ ಸಲದ ಚುನಾವಣೆಯಲ್ಲಿ ಅಜ್ಜಿಯ ಸೆರಗು ಹಿಡಿದು ಒಳಗೆ ಹೋದರೆ, ನಾಯಕರ ಪಟಗಳ ಜೊತೆ ಆ ಟೊಪ್ಪಿ ಹೆಂಗಸಿನ ಮುಖಕ್ಕೂ ಪೇಪರ್ ಅಂಟಿಸಿದ್ದರು.

"ಇವಳಿಗೆ ಎಂತಕ್ಕೆ ಮುಸುಕು ಮಾರಾಯ?" ಎಂದಳು ಅಜ್ಜಿ.

"ಯಾವ ಪಟವೂ ಕಾಣಬಾರದಮ್ಮ, ರೂಲ್ಸು," ಎಂದರು ಚುನಾವಣಾಧಿಕಾರಿ.

"ಅವಳು ಯಾರಿಗೂ ಕಾಣೂದು ಬೇಡ. ಅವಳಿಗೆ ನಾವು ಕಂಡ್ರೆ ಸಾಕು."

ಅಜ್ಜಿ ತುರುಬಿನಿಂದ ಪಿನ್ನು ಕಿತ್ತು, ಹಸಿ ಪೇಪರಿಗೆ ಅಂದಾಜಿನ ಮೇಲೆ ಎರಡು ತೂತು ಮಾಡಿದಳು. ಒಂದು ಕಣ್ಣಿಗೆ ಬಿತ್ತು, ಇನ್ನೊಂದು ಮೂಗಿಗೆ. ಅಧಿಕಾರಿ ರೂಲ್ಸಿನ ಪುಸ್ತಕ ತಿರುವಿ ಹಾಕಿದರು. ತೂತಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅಜ್ಜಿ ಅವಳ ಒಂದೇ ಕಣ್ಣಿನೆದುರು ನೆಟ್ಟಗೆ ನಿಂತು ಓಟು ಹಾಕಿದಳು.

ಮೊನ್ನೆಯೂ ಆ ಪಟಕ್ಕೆ ಹೊಸ ಪೇಪರ್ ಅಂಟಿಸಿದ್ದರು. ಅದರಲ್ಲಿ ಆಗಲೇ ಎರಡು ತೂತಿದ್ದವು, ಎರಡೂ ಸರಿಯಾಗಿ ಕಣ್ಣಿಗೇ. ನನಗಿಂತ ಮೊದಲು ಓಟು ಹಾಕಿ ಬಾಗಿಲಲ್ಲಿ ನಿಂತಿದ್ದ ಅಮ್ಮ, ಏನೂ ಅರಿಯದವಳಂತೆ, ತುರುಬಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದಳು.