ಮೂವತ್ತೆರಡು ಪಿನ್ನಿನ ಕಾರ್ಟ್ರಿಜ್

ಅಣ್ಣ ತೀರಿಕೊಂಡ ಮೇಲೆ ಅವನ ಟಿವಿ ಗೇಮು ಗುಜರಿಗೆ ಹೋಯಿತು. ಉಳಿದದ್ದು ಅದಕ್ಕೆ ಸಿಕ್ಕಿಸುವ ಒಂದೇ ಆಟದ ಕಾರ್ಟ್ರಿಜ್. ಅದರ ಮೇಲಿನ ಚೀಟಿಯೂ ಕಿತ್ತುಹೋಗಿತ್ತು. ಅಣ್ಣ ಅದರೊಳಗೆ ತನ್ನ ಹೆಸರು ಬರೆದು ಆಟವನ್ನು ಉಳಿಸಿಟ್ಟಿದ್ದ. ಆ ಹೆಸರನ್ನು ಅವ್ವನಿಗೆ ಒಮ್ಮೆ ಟಿವಿಯಲ್ಲಿ ತೋರಿಸಬೇಕೆಂದು ನನಗೆ ಆಸೆ.

ಆಗ ಎಲ್ಲರ ಮನೆಯಲ್ಲೂ ಇದ್ದ ಕಾರ್ಟ್ರಿಜ್‌ಗಳಿಗೆ ಒಂದೊಂದು ಬದಿಗೆ ಮೂವತ್ತು ಪಿನ್ನು. ಇದರಲ್ಲಿ ಎಣಿಸಿದರೆ ಮೂವತ್ತೆರಡು ಬಂತು. ಅಂದರೆ ಇದು ಮೆಗಾ ಡ್ರೈವ್ ಎಂಬ ಬೇರೆ ಗೇಮ್ ಮಿಷಿನ್ನಿನದು. ಕೊಳ್ಳೇಗಾಲದ ಹಳೆಯ ರಿಪೇರಿ ಅಂಗಡಿಯೊಂದರಲ್ಲಿ ಆ ಮಿಷಿನ್ ಇದೆಯೆಂದು ತಿಳಿದು ಯಳಂದೂರಿನಿಂದ ಬಸ್ಸು ಹತ್ತಿದೆ.

ಅಂಗಡಿಯವರು ತಿರುಗಿಸಿ ನೋಡಿದರು. "ನೀವೇಳಿದ್ದು ಸರಿಯಾಗೇ ಅದೆ ಕಣಮ್ಮ, ಮೆಗಾ ಡ್ರೈವ್‌ದೇ. ಪಿನ್ಗೆ ಇದೇನ್ ಬಳ್ದಿದ್ದೀರಿ, ಸುಣ್ಣವಾ?"

"ವಿಭೂತಿ," ಎಂದೆ. ಪ್ರತಿ ಆಯುಧಪೂಜೆಗೂ ಅವ್ವ ಮಚ್ಚು, ಕುಡುಗೋಲಿನ ಜೊತೆ ಇದನ್ನೂ ನೀರಲ್ಲಿ ತೊಳೆದು ವಿಭೂತಿ ಹಚ್ಚುತ್ತಿದ್ದಳು.

"ಅಂಗಾರೆ ಮಾದಪ್ಪ ಸ್ವಾಮಿನೇ ಬಂದು ಆಡ್ಬೇಕು ಬುಡಿ," ಎಂದು ನಗುತ್ತ ಸ್ಕ್ರೂ ಬಿಚ್ಚಿದರು. ಒಳಗೆ ನೀರಿಳಿದು ಪುಟ್ಟ ಬ್ಯಾಟರಿ ಹಸಿರುಗಟ್ಟಿತ್ತು. ನಾನು ಹೆಸರಿನ ವಿಷಯ ಹೇಳಿದೆ. ಅವರ ನಗು ನಿಂತಿತು.

"ಆಟ ಬಂದ್ರೂ ಬರ್ಬೋದು. ಎಸ್ರು ಬರಕಿಲ್ಲ ಕಣಮ್ಮ. ಅದನ್ನ ಇಡ್ಕಂಡಿದ್ದುದೇ ಈ ಬ್ಯಾಟರಿ."

ಅಲ್ಲೇ ಇದ್ದ ಮಿಷಿನ್‌ಗೆ ಹಾಕಿ ನೋಡುವುದು ಬೇಡವೆಂದು ವಾಪಸು ತಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಎಸ್ರು ಬಂತಾ ಮಗ್ಳೇ?"

"ಇದು ಯಾವ ಮಿಷಿನ್ನಿಂದು ಅಂತ ಗೊತ್ತಾಯ್ತು ಕಣವ್ವ," ಎಂದೆ. "ಆ ಮಿಷಿನ್ನು ಈಗ ಎಲ್ಲೂ ಸಿಕ್ಕಲ್ವಂತೆ."