ತಗಡಿನ ಗಿಟಾರಿಗೆ ಮೈಕು

ನಮ್ಮ ಮೈದುನ ಗುರುಪಾದ ಹೋದ ವಾರ ಉದಗೀರದ ಒಂದು ಮದುವೆಯಲ್ಲಿ ಗಿಟಾರ್ ಬಾರಿಸಿದ. ಬಾರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕೇಳಿದಿರೇನು ಅಂತ ಕೇಳಬೇಡಿ. ಕೇಳಿದೆ. ಆದರೆ ಏನನ್ನು?

ಮೊದಲಿನಿಂದ ಹೇಳಿಬಿಡುತ್ತೇನೆ. ನನಗೆ ತಿಳಿಯದಿದ್ದದ್ದು ನಿಮಗಾದರೂ ತಿಳಿದೀತು.

ಉಮರ್ಗಾದಲ್ಲಿ ನಮ್ಮದು ಕಿರಾಣಿ ಅಂಗಡಿ. ಗುರುಪಾದ ಕೂಡಬೇಕಾದ್ದು ಅಲ್ಲಿ. ಕೂಡುವುದು ನನ್ನ ಅಡಿಗೆಮನೆಯ ಹೊಸ್ತಿಲ ಹತ್ತಿರ, ತೊಡೆಯ ಮೇಲೆ ಗಿಟಾರನ್ನು ಅಡ್ಡ ಮಲಗಿಸಿಕೊಂಡು. ಸಿಕಂದರಾಬಾದಿನ ಯಾವುದೋ ಹೋಟೆಲಿನ ಬ್ಯಾಂಡಿನವನು ಊರು ಬಿಡುವಾಗ ಅವನಿಗೆ ಮಾರಿಹೋದದ್ದಂತೆ. ಕಟ್ಟಿಗೆಯದಲ್ಲ, ಪೂರ್ತಿ ತಗಡಿನದು. ನಡುವೆ ದುಂಡನೆಯ ಮುಚ್ಚಳ, ಅದರ ತುಂಬ ಜರಡಿಯಂತೆ ತೂತು. ಮುಚ್ಚಳದ ಕೆಳಗೆ ಹಪ್ಪಳದಷ್ಟು ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು. ತಂತಿ ಮೀಟಿ ಮೇಲೊಂದು ಉಕ್ಕಿನ ಸಲಾಕೆ ಜಾರಿಸಿದರೆ ಆ ಬಟ್ಟಲು ನಡುಗಿ ದನಿ ಹೊರಗೆ ಬರುತ್ತದೆ. ಎಂಥ ದನಿ ಅಂತೀರಿ! ಜೋಗುಳ ಹಾಡುತ್ತ ಹಾಡುತ್ತ ತಾಯಿಗೇ ಕಣ್ಣು ಎಳೆದಂತೆ. ಆ ದನಿಗೆ ನನ್ನ ಎಷ್ಟೋ ರೊಟ್ಟಿ ಹಂಚಿನ ಮೇಲೇ ಕರಕಾಗಿವೆ. (ನಮ್ಮ ಮನೆಯವರು ಉಂಡಿದ್ದಾರೆ, ಪಾಪ.)

"ಹೊಟ್ಟ್ಯಾಗ ಬಟ್ಟಲ ಇಟ್ಟಿದ್ದೇ ಜೋರ್ ಕೇಳಸ್ಲಿ ಅಂತ, ವೈನಿ. ಇದಕ್ಕ ಕರೆಂಟ್ ಬ್ಯಾಡ, ಮೈಕ್ ಬ್ಯಾಡ" ಎಂದು ಅತ್ತಿಗೆಯಾದ ನನ್ನ ಮುಂದೆ ಅವನ ಹೆಮ್ಮೆ.

ಅಡಿಗೆಮನೆಯಲ್ಲಿ ಬೇಡ, ಸರಿ. ಮದುವೆ ಬ್ಯಾಂಡಿನಲ್ಲಿ?

ಬ್ಯಾಂಡು ಉದಗೀರದ ದತ್ತೂ ಮಾಸ್ತರರದು. ಅವರದು ಕ್ಲಾರಿಯೊನೆಟ್. ಪಕ್ಕದಲ್ಲಿ ಕಾರ್ನೆಟ್ಟು, ಹಿಂದೆ ಢೋಲು, ಅದರ ಹಿಂದೆ ಇನ್ನೊಂದು ಢೋಲು. ಇವುಗಳ ನಡುವೆ ನಮ್ಮ ಗುರುಪಾದನ ಗಿಟಾರು, ದನದ ಸಂತೆಯಲ್ಲಿ ಹೊಸ ಸೊಸೆ ಮಾತಾಡಿದ ಹಾಗೆ. ಎರಡು ಮದುವೆ ಆದವು. ಒಬ್ಬರಿಗೂ ಕೇಳಿಸಲಿಲ್ಲ. ಮಾಸ್ತರರ ಸಹನೆ ಮುಗಿಯಿತು.

"ಬಘ್ ಗುರುಪಾದ, ಕಡೀ ಮಾತು. ಈ ಮದಿವ್ಯಾಗ ಮಂದಿಗಿ ಕೇಳಸ್ತಂದ್ರ ನೀ ಬ್ಯಾಂಡದಾಗ. ಇಲ್ಲಾಂದ್ರ ನಿಮ್ಮಣ್ಣನ ದುಕಾನದಾಗ. ಲೌಡ್‌ಸ್ಪೀಕರ್ ಬರ್ಲಾಕತ್ತದ, ಮೈಕ್ ಅದ. ಏನ್ ಮಾಡ್ತಿ ಮಾಡು."

ಗುರುಪಾದ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಮ್ಮ ಮನೆಯವರಿಗೆ ಮಾತ್ರ ಹಿಗ್ಗು. "ಕೇಳಸಬಾರದಂತ ನಾನೂ ದೇವರಿಗಿ ಕೈ ಮುಗೀತೀನಿ. ಅಂವಾ ತಕ್ಕಡಿ ಹಿಡೀಲಿ."

ಉದಗೀರದ ಆ ಮದುವೆ ನಮ್ಮ ಬೀಗರ ಪೈಕಿಯೇ. ಎಲ್ಲರೂ ಹೋದೆವು.

ಬೆಳಿಗ್ಗೆ ಹಂದರದಲ್ಲಿ ಲೌಡ್‌ಸ್ಪೀಕರಿನ ಖಾದರ್ ಭಾಯಿ ಮೋಟಾರಿನ ಬ್ಯಾಟರಿ, ಕಹಳೆಯ ಬಾಯಿಯಂಥ ಎರಡು ಭೋಂಗಾ, ಒಂದು ಮೈಕು ಇಳಿಸಿದರು. ಗುರುಪಾದ ಮೈಕನ್ನು ತಂತಿಯ ಹತ್ತಿರ ಇಟ್ಟ. ಭೋಂಗಾದಿಂದ ಸಲಾಕೆ ಉಜ್ಜುವ ಸದ್ದು ಬಂತೇ ಹೊರತು ಹಾಡು ಬರಲಿಲ್ಲ. ಮುಚ್ಚಳದ ಎದುರಿಗೆ ಇಟ್ಟ. ಡಬ್ಬಿಯೊಳಗೆ ಕೂತು ಯಾರೋ ಮಾತಾಡಿದಂತಾಯಿತು.

"ಇನ್ನಾ ಹತ್ತರ ತಗೋ" ಎಂದರು ದತ್ತೂ ಮಾಸ್ತರರು.

"ಹತ್ತರ ಬ್ಯಾಡ್ರೀ ಸಾಬ್, ಚೀರತದ" ಎಂದರು ಖಾದರ್ ಭಾಯಿ.

ಹತ್ತಿರ ಒಯ್ದ. ಚೀರಿತು! ಕೂಂಯ್ ಎಂದು ಅದೆಂಥ ಚೀರಾಟ! ಒಳಗಿಂದ ಮದುಮಗಳ ಸೋದರಮಾವ "ಯಾರಿಗಿ ಏನಾತು?" ಅಂತ ಓಡಿ ಬಂದ. ಭೋಂಗಾದ ದನಿಯೇ ತಿರುಗಿ ಮೈಕಿನೊಳಗೆ ಹೋಗಿ ಮತ್ತೆ ಭೋಂಗಾದಿಂದ ಬರುತ್ತದಂತೆ. ಅಷ್ಟೇ ಅಲ್ಲ, ಆ ದನಿಗೆ ಹೊಟ್ಟೆಯ ಬಟ್ಟಲೂ ನಡುಗುತ್ತದೆ. ಯಾರೂ ಬಾರಿಸದ ಗಿಟಾರು ಕುರ್ಚಿಯ ಮೇಲೆ ತಾನೇ ಗುಂಯ್‌ಗುಡುತ್ತಿತ್ತು.

"ವೈನಿ, ನಾ ಮುಟ್ಟಿಲ್ರೀ!" ಎಂದ ಗುರುಪಾದ, ಎರಡೂ ಕೈ ಮೇಲೆತ್ತಿ.

ಆಮೇಲೆ ಎಲ್ಲರೂ ಪಂಡಿತರೇ. ಭೋಂಗಾ ಓಣಿಗೆ ತಿರುಗಿಸಿರಿ ಅಂತ ಒಬ್ಬರು. ತಿರುಗಿಸಿದರೆ ಓಣಿಯವರಿಗೆ ಹಾಡು, ಹಂದರದವರಿಗೆ ಢೋಲು. ಮೈಕಿಗೆ ಟಾವೆಲ್ ಸುತ್ತಿರಿ ಅಂತ ಇನ್ನೊಬ್ಬರು. ಸುತ್ತಿದರೆ ಗಿಟಾರಿಗೆ ನೆಗಡಿ ಬಂದಂತಾಯಿತು. ಕೊನೆಗೆ ಭೋಂಗಾಗಳು ಪಕ್ಕದ ಮನೆಯ ಮಾಳಿಗೆ ಹತ್ತಿ ಓರೆಯಾಗಿ ನಿಂತವು. ಮೈಕು ಮುಚ್ಚಳದಿಂದ ಗೇಣು ದೂರ ನಿಂತಿತು. ಗುರುಪಾದ ತಂತಿ ಮೀಟಿದ.

ಬಂತು ನೋಡಿ. ನನ್ನ ಅಡಿಗೆಮನೆಯ ದನಿಯೇ! ಓಣಿಗಿಂತ ದೊಡ್ಡದಾಗಿ! ಹೂ ಕಟ್ಟುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಗುರುಪಾದ ನನ್ನ ಕಡೆ ನೋಡಿ ನಕ್ಕ. ಎರಡು ದಿನದ ಮೇಲೆ ಅವತ್ತು ಚಹಾದ ಜೊತೆ ಉಪ್ಪಿಟ್ಟು ತಿಂದ.

ಮುಹೂರ್ತ ಬಂತು. ಅಯ್ಯನವರು ಮಂಗಳಾಷ್ಟಕ ಹೇಳಬೇಕು. ಅವರಿಗೂ ಮೈಕು ಬೇಕು. ಮೈಕು ಒಂದೇ, ಅದರ ತಂತಿಯೂ ಗಿಡ್ಡ. ಹಾಗಾಗಿ ಗುರುಪಾದನ ಕುರ್ಚಿಯನ್ನೇ ಮದುಮಕ್ಕಳ ಪಕ್ಕಕ್ಕೆ ಸರಿಸಿದರು: ಅಯ್ಯನವರದು ಮುಗಿದ ಕೂಡಲೇ ಅದೇ ಮೈಕನ್ನು ಗಿಟಾರಿಗೆ ಬಗ್ಗಿಸಿದರಾಯಿತು.

ನಮ್ಮ ಕಡೆ ಅಕ್ಷತೆ ಅಂದರೆ ಅಕ್ಕಿಯಲ್ಲ, ಕುಂಕುಮ ಹಚ್ಚಿದ ಜೋಳ. ಒಂದೊಂದು ಶ್ಲೋಕದ ಕೊನೆಯ "ಸಾವಧಾನ"ಕ್ಕೂ ಹಂದರದ ನಾಲ್ಕೂ ಕಡೆಯಿಂದ ಹಿಡಿ ಹಿಡಿ ಜೋಳ ಹಾರುತ್ತದೆ. ಅಕ್ಷತೆ ಹಾಕುವಾಗ ಯಾರಾದರೂ ಕೂತಿರುತ್ತಾರೆಯೇ? ಗುರುಪಾದನೂ ಎದ್ದು ನಿಂತ. ಗಿಟಾರನ್ನು ಕುರ್ಚಿಯ ಮೇಲೆ ಅಂಗಾತ ಮಲಗಿಸಿದ, ತೂತಿನ ಮುಚ್ಚಳ ಮೇಲೆ. ತಲೆಗೆ ಟೋಪಿ ಸರಿಮಾಡಿಕೊಂಡು, ಭಕ್ತಿಯಿಂದ, ಎಲ್ಲರ ಜೊತೆ ತಾನೂ ಹಾಕಿದ.

ಮುಗಿಯಿತು. ಮಾಸ್ತರರು ಸನ್ನೆ ಮಾಡಿದರು. ಗುರುಪಾದ ಕೂತ, ಗಿಟಾರ್ ತೊಡೆಗೆಳೆದುಕೊಂಡ, ಮೀಟಿದ.

ಝಲ್!

ಮತ್ತೆ ಮೀಟಿದ. ಝಲ್ ಝಲ್ ಝರ್ರ್! ಬಟ್ಟಲಿನೊಳಗೆ ಬಿದ್ದ ಜೋಳ ಕುಣಿಯುತ್ತಿತ್ತು, ಮಾಳಿಗೆಯ ಮೇಲಿನ ಭೋಂಗಾ ಅದನ್ನು ಇಡೀ ಉದಗೀರಕ್ಕೆ ಹೇಳುತ್ತಿತ್ತು. ಗುರುಪಾದನ ಮುಖ ಬಿಳಿಚಿತು. ಮುಚ್ಚಳಕ್ಕೆ ಸ್ಕ್ರೂ, ತೆಗೆಯಲು ಬರುವಂತಿಲ್ಲ. ಮೆಲ್ಲಗೆ ಮೀಟಿದ. ದನಿ ಸಣ್ಣದಾಯಿತೆಂದು ಖಾದರ್ ಭಾಯಿ ಗುಂಡಿ ತಿರುವಿ ಇನ್ನಷ್ಟು ಜೋರು ಮಾಡಿದರು!

ಇನ್ನೇನು ಮಂದಿ ನಗುತ್ತಾರೆ ಅಂತ ನಾನು ತಲೆ ಬಗ್ಗಿಸಿ ಕೂತೆ. ಪಕ್ಕದಲ್ಲಿದ್ದ ಗುಂಜೋಟಿಯ ಅತ್ತಿ ನನ್ನ ಮೊಣಕೈ ತಿವಿದರು.

"ಯವ್ವಾ, ಅದಕ್ಕ ಗೆಜ್ಜಿ ಕಟ್ಯಾರೇನ? ಎಷ್ಟ್ ಛಂದ ಕೇಳಸ್ಲಾಕತ್ತದ!"

ಗಂಡಸರ ಕಡೆಯಿಂದ ವ್ವಾ ವ್ವಾ. ಮಕ್ಕಳು ಕುಣಿಯತೊಡಗಿದವು. ದತ್ತೂ ಮಾಸ್ತರರು ಬಾಯಿಂದ ಕ್ಲಾರಿಯೊನೆಟ್ ತೆಗೆದು, "ವಾ ರೇ ಪಠ್ಠ್ಯಾ! ಇಷ್ಟ್ ದಿವಸ ಈ ಆವಾಜ್ ಎಲ್ಲಿ ಮುಚ್ಚಿಟ್ಟಿದ್ದಿ?" ಅಂದರು. ಊಟಕ್ಕೆ ಕೂಡುವ ಮೊದಲೇ ನಿಲಂಗಾದ ಬೀಗರೊಬ್ಬರು ಬಂದು, ತಮ್ಮ ಮಗಳ ಮದುವೆಗೂ ಇದೇ ಬ್ಯಾಂಡು ಬೇಕು, "ಆ ಗೆಜ್ಜಿ ಬಾಜಾದಂವಾ" ಬರಲೇಬೇಕು ಎಂದು ಹೇಳಿಹೋದರು.

ಬಸ್ಸಿನಲ್ಲಿ ನಮ್ಮ ಮನೆಯವರು ಸೋತ ದನಿಯಲ್ಲಿ, "ಛಲೋ ಬಾರಿಸಿದಿ ಬಿಡೋ" ಅಂದರು. ಗುರುಪಾದ ಕಿಡಕಿಯ ಹೊರಗೆ ನೋಡುತ್ತಿದ್ದ.

ಮನೆಗೆ ಬಂದು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಬಟ್ಟಲಿನ ತಳದಲ್ಲಿ ಕೆಂಪನೆಯ ಜೋಳ. ಮೊರಕ್ಕೆ ಸುರುವಿ, ಮುಚ್ಚಳ ಕೂಡಿಸಿ ಮೀಟಿದ. ಅದೇ ಹಳೆಯ ದನಿ.

"ವೈನಿ, ಖರೇ ಹೇಳ್ರಿ. ಮಂದಿಗಿ ಕೇಳಸಿದ್ದು ನಾನೋ, ಜ್ವಾಳೋ?"

ನನಗೆ ನನ್ನ ಸಾರು ನೆನಪಾಯಿತು. ಬೀಗರು ಅದನ್ನು ಹೊಗಳಿದ್ದು ಅದು ತಳ ಹತ್ತಿದ ದಿನವೇ. "ಏನೋ ಬ್ಯಾರೇ ರುಚಿ" ಅಂದಿದ್ದರು. ನಾನು ನಕ್ಕು ಇನ್ನೊಂದು ಸೌಟು ಬಡಿಸಿದ್ದೆ. ಕಚೇರಿಗೆ ಹೋದರೂ ಇದೇ ಕಥೆ. ನಿಜಾಮರ ಕಾಲದಲ್ಲಿ ಉರ್ದು ಆಡಿದರೆ ನಮ್ಮ ಮಾತು ಸಾಹೇಬರಿಗೆ ಕೇಳಿಸುತ್ತಿತ್ತು, ಈಗ ನಮ್ಮ ಊರು ಮರಾಠಿ ಸೀಮೆಗೆ ಸೇರಿದ ಮೇಲೆ ಮರಾಠಿ ಆಡಿದರೆ ಕೇಳಿಸುತ್ತದೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಕೆಲಸ ಮಾಡಿಸಿಕೊಂಡು ಮನೆಗೆ ಬಂದದ್ದು ನಾವೇ ಹೌದೋ ಅಲ್ಲವೋ ಅಂತ ನನಗೆ ಒಮ್ಮೊಮ್ಮೆ ಗೊಂದಲ. (ನಿಮಗೆ ಹಾಗಾಗುವುದಿಲ್ಲವೇ? ಆಗದಿದ್ದರೆ ಪುಣ್ಯವಂತರು.)

ಗಿಟಾರಿನ ನಿಜವಾದ ದನಿಯನ್ನೇ ಕೇಳಿಸಬಾರದೇ? ಅವತ್ತು ಬೆಳಿಗ್ಗೆ ಕೇಳಿಸಿತ್ತಲ್ಲ! ಹೌದು. ಆದರೆ ಆಗ ಹಂದರದಲ್ಲಿ ಇದ್ದವರು ನಾವಷ್ಟೇ. ಈಗ ನಿಲಂಗಾದವರು ಕರೆದದ್ದು ಆ ದನಿಯನ್ನಲ್ಲ. ಅದನ್ನು ಬಾರಿಸಿದರೆ ಮಾಸ್ತರರು ಏನನ್ನುತ್ತಾರೆ?

ನಿಲಂಗಾದ ಮದುವೆ ನಾಳೆ. ಇವತ್ತು ರೊಟ್ಟಿ ಬಡಿಯುತ್ತಿದ್ದಾಗ ಗುರುಪಾದ ಹೊಸ್ತಿಲಲ್ಲಿ ಬಂದು ನಿಂತ. ನನ್ನ ಮುಖ ನೋಡಲಿಲ್ಲ.

"ವೈನಿ, ಒಂದ್ ಹಿಡಿ ಜ್ವಾಳ ಕೊಡ್ರಿ."

"ಯಾಕಪ್ಪ?" ಎಂದೆ, ಗೊತ್ತಿದ್ದೂ.

"ಸುಮ್ನ."

ಕೊಟ್ಟೆ. ಮೈದುನನಿಗೆ ದನಿ ಕೊಟ್ಟೆನೋ, ಇದ್ದ ದನಿಯನ್ನೂ ಕಸಿದುಕೊಂಡೆನೋ?